ವಿಚಾರ, ಶ್ರದ್ಧೆ, ಸ್ವಾತಂತ್ರ್ಯ: ಓದುಗರ ಮೂರು ಪ್ರಶ್ನೆಗಳು

ಪ್ರಶ್ನೆ: ನಾನು ದೇವರನ್ನು ನಂಬುವವನು. ನಂಬುವವನು ಸ್ವತಂತ್ರವಾಗಿ ಯೋಚಿಸಲಾರ, ಯೋಚಿಸುವವನು ನಂಬಲಾರ ಎಂದು ನನ್ನ ಮಗ ವಾದಿಸುತ್ತಾನೆ. ಎರಡರಲ್ಲಿ ಒಂದನ್ನು ಬಿಡಲೇಬೇಕೆ?

ಉತ್ತರ: ಬಿಡಬೇಕಾಗಿಲ್ಲ. ಆದರೆ ಮಗನ ಮಾತನ್ನು ತಳ್ಳಿಹಾಕುವ ಮೊದಲು, ಅವನು ಏನನ್ನು ಕಂಡು ಹಾಗೆ ಹೇಳುತ್ತಿದ್ದಾನೆ ಎಂಬುದನ್ನು ನೀವು ಗಮನಿಸಬೇಕು. 1633ರಲ್ಲಿ ರೋಮಿನ ಧರ್ಮನ್ಯಾಯಮಂಡಳಿಯು ವೃದ್ಧ ಗೆಲಿಲಿಯೊನನ್ನು ಮೊಣಕಾಲೂರಿಸಿ, ಭೂಮಿ ಚಲಿಸುತ್ತದೆ ಎಂಬ ಮತವನ್ನು ಅವನ ಬಾಯಿಂದಲೇ ನಿರಾಕರಿಸುವಂತೆ ಮಾಡಿತು. 1656ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯಹೂದಿ ಸಮುದಾಯವು ಇಪ್ಪತ್ತಮೂರು ವರ್ಷದ ದಾರ್ಶನಿಕ ಸ್ಪಿನೋಜನಿಗೆ ಬಹಿಷ್ಕಾರ ಹಾಕಿತು. ಇಂಥ ಘಟನೆಗಳನ್ನು ಓದಿದ ಯುವಕನಿಗೆ ನಂಬಿಕೆಯೆಂದರೆ ಬಾಯಿ ಮುಚ್ಚಿಸುವ ಅಧಿಕಾರ ಎಂದೇ ತೋರಿದರೆ ಅದು ಅವನ ತಪ್ಪಲ್ಲ.

ಇದೇ ಚರಿತ್ರೆಯಲ್ಲಿ ಬೇರೆ ದಾರಿಯೂ ಇದೆ. ಹನ್ನೆರಡನೆಯ ಶತಮಾನದಲ್ಲಿ ಸ್ಪೇನಿನ ಕಾರ್ಡೋಬಾದ ನ್ಯಾಯಾಧೀಶನಾಗಿದ್ದ ಮುಸ್ಲಿಂ ಚಿಂತಕ ಇಬ್ನ್ ರುಶ್ದ್, ಸೃಷ್ಟಿಯನ್ನು ಕುರಿತು ಚಿಂತಿಸಿರೆಂದು ಧರ್ಮಗ್ರಂಥವೇ ಕರೆಯುವುದರಿಂದ ತತ್ತ್ವಶಾಸ್ತ್ರದ ಅಧ್ಯಯನವು ಸಮರ್ಥರಾದವರ ಕರ್ತವ್ಯವೆಂದು ವಾದಿಸಿದನು. ಸತ್ಯವು ಸತ್ಯವನ್ನು ವಿರೋಧಿಸಲಾರದು, ಆದ್ದರಿಂದ ಖಚಿತವಾದ ಪ್ರಮಾಣಕ್ಕೂ ಗ್ರಂಥದ ಮೇಲ್ಪದರದ ಅರ್ಥಕ್ಕೂ ಹೊಂದಿಕೆಯಾಗದಿದ್ದರೆ ಗ್ರಂಥವನ್ನು ಇನ್ನೂ ಆಳವಾಗಿ ಅರ್ಥೈಸಬೇಕೆಂದನು. ಮರು ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವೈನಸ್ ಅವನನ್ನು ಕೆಲವು ವಿಷಯಗಳಲ್ಲಿ ಕಟುವಾಗಿ ಖಂಡಿಸಿದರೂ, ಅರಿಸ್ಟಾಟಲನ ‘ವ್ಯಾಖ್ಯಾನಕಾರ’ ಎಂದೇ ಕರೆದು ಅವನ ಬರಹಗಳನ್ನು ಶ್ರದ್ಧೆಯಿಂದ ಓದಿದನು. ಇಬ್ಬರೂ ಆಸ್ತಿಕರು, ಧರ್ಮ ಬೇರೆ ಬೇರೆ. ಅವರು ಎದುರುಬದುರಾಗಿ ನಿಲ್ಲಲು ಸಾಧ್ಯವಾದದ್ದು ಇಬ್ಬರೂ ತಮ್ಮ ಮಾತಿಗೆ ಕಾರಣ ಕೊಡುವ ಹೊಣೆಯನ್ನು ಒಪ್ಪಿಕೊಂಡಿದ್ದರಿಂದ.

ನಿಮ್ಮ ನಂಬಿಕೆಯೊಳಗೇ ಒಂದು ವ್ಯತ್ಯಾಸವನ್ನು ಗುರುತಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ‘ಪ್ರಾರ್ಥನೆಯಿಂದ ನನಗೆ ಧೈರ್ಯ ಬರುತ್ತದೆ’ ಎಂದು ನೀವು ಹೇಳಿದರೆ ಅದನ್ನು ಅಲ್ಲಗಳೆಯುವ ಅಧಿಕಾರ ಯಾರಿಗೂ ಇಲ್ಲ. ‘ಆಕೆಗೆ ಈ ರೋಗ ಬಂದದ್ದು ಆಕೆಯ ಪಾಪದಿಂದ’ ಎಂದು ಹೇಳಿದಿರಾದರೆ, ನೀವು ಇನ್ನೊಬ್ಬರ ಬದುಕಿನ ಮೇಲೆ ತೀರ್ಪು ಕೊಟ್ಟಿದ್ದೀರಿ. ಆ ತೀರ್ಪಿಗೆ ಆಧಾರವೇನೆಂದು ಕೇಳುವ ಹಕ್ಕು ಆಕೆಗೂ ಇದೆ, ನಿಮ್ಮ ಮಗನಿಗೂ ಇದೆ.

ಮಗನಿಗೂ ಒಂದು ಮಾತು. ಇನ್ನೊಬ್ಬರ ಮಾರ್ಗದರ್ಶನವಿಲ್ಲದೆ ತನ್ನ ಬುದ್ಧಿಯನ್ನು ಬಳಸಲು ಧೈರ್ಯವಿಲ್ಲದಿರುವುದನ್ನೇ ಜರ್ಮನ್ ದಾರ್ಶನಿಕ ಇಮ್ಯಾನುಯಲ್ ಕಾಂಟ್ 1784ರ ತನ್ನ ಪ್ರಬಂಧದಲ್ಲಿ ಮನುಷ್ಯ ತಾನೇ ತಂದುಕೊಂಡ ಅಪ್ರಬುದ್ಧತೆ ಎಂದನು. ತನಗಾಗಿ ಅರ್ಥಮಾಡಿಕೊಳ್ಳಲು ಪುಸ್ತಕವನ್ನೂ, ತನ್ನ ಬದಲಿಗೆ ಅಂತಃಸಾಕ್ಷಿಯಾಗಲು ಪುರೋಹಿತನನ್ನೂ ಇಟ್ಟುಕೊಳ್ಳುವವರನ್ನು ಅವನು ಎಚ್ಚರಿಸಿದ್ದನು. ಆ ಪುಸ್ತಕವು ನಾಸ್ತಿಕನು ಬರೆದದ್ದಾದರೂ, ಅದರ ವಾಕ್ಯಗಳನ್ನು ಪರೀಕ್ಷಿಸದೆ ಒಪ್ಪಿಸುವವನ ಸ್ಥಿತಿ ಬದಲಾಗುವುದಿಲ್ಲ.

ಪ್ರಶ್ನೆ: ಒಂದು ಕಾನೂನು ನನ್ನ ಧರ್ಮಕ್ಕೆ ವಿರುದ್ಧವೆಂದು ನಾನು ವಿರೋಧಿಸಿದರೆ, ‘ಅದು ಸಾಲದು, ಬೇರೆ ಕಾರಣ ಕೊಡಿ’ ಎನ್ನುತ್ತಾರೆ. ಇದು ನನ್ನ ಸ್ವಾತಂತ್ರ್ಯವನ್ನು ಕಸಿದುಕೊಂಡಂತೆ ಅಲ್ಲವೇ?

ಉತ್ತರ: ನಿಮ್ಮ ನೋವಿನಲ್ಲಿ ನ್ಯಾಯವಿದೆ. ಆದರೆ ಕಾನೂನು ನಿಮ್ಮೊಬ್ಬರನ್ನು ಮಾತ್ರ ಕಟ್ಟಿಹಾಕುವುದಿಲ್ಲ. ನಿಮ್ಮ ದೇವರನ್ನು ಒಪ್ಪದವರನ್ನೂ ಅದು ದಂಡದ ಭಯದಿಂದ ನಡೆಸುತ್ತದೆ. ಆದ್ದರಿಂದಲೇ, ಬಲವಂತದಿಂದ ಜಾರಿಯಾಗುವ ಮೂಲಭೂತ ವಿಷಯಗಳಿಗೆ ಎಲ್ಲ ನಾಗರಿಕರೂ ಸಮಂಜಸವೆಂದು ಒಪ್ಪಬಹುದಾದ ಕಾರಣಗಳಿರಬೇಕು ಎಂದು ಅಮೆರಿಕದ ದಾರ್ಶನಿಕ ಜಾನ್ ರಾಲ್ಸ್ ವಾದಿಸಿದರು. ಇದರಿಂದ ಆಸ್ತಿಕರ ಮೇಲೆ ಮಾತ್ರ ಹೆಚ್ಚಿನ ಹೊರೆ ಬೀಳುತ್ತದೆ ಎಂಬುದನ್ನು ಜರ್ಮನಿಯ ಯೂರ್ಗನ್ ಹಾಬರ್ಮಾಸ್ ಗುರುತಿಸಿದರು. ಸಂಸತ್ತು, ನ್ಯಾಯಾಲಯಗಳ ತೀರ್ಮಾನಗಳು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿರಲಿ, ಆದರೆ ಸಾರ್ವಜನಿಕ ಚರ್ಚೆಯಲ್ಲಿ ಧರ್ಮದ ಭಾಷೆಗೂ ಎಡೆಯಿರಲಿ, ಅದನ್ನು ಎಲ್ಲರ ಭಾಷೆಗೆ ತರುವ ಶ್ರಮದಲ್ಲಿ ನಾಸ್ತಿಕರೂ ಪಾಲ್ಗೊಳ್ಳಲಿ ಎಂಬುದು ಅವರ ನಿಲುವು. ನನಗೆ ಇದೇ ಹೆಚ್ಚು ಸರಿಯೆನಿಸುತ್ತದೆ, ಏಕೆಂದರೆ ಕೇಳುವವನಿಗೂ ಇಲ್ಲಿ ಕೆಲಸವಿದೆ.

ಇದು ಆಗದ ಮಾತೇನಲ್ಲ. ಪಾದ್ರಿಯಾಗಿದ್ದ ಮಾರ್ಟಿನ್ ಲೂಥರ್ ಕಿಂಗ್ 1963ರಲ್ಲಿ ಬರ್ಮಿಂಗ್‌ಹ್ಯಾಮ್ ಸೆರೆಮನೆಯಿಂದ ಬರೆದ ಪತ್ರದಲ್ಲಿ ಕ್ರೈಸ್ತ ಚಿಂತಕರಾದ ಅಗಸ್ಟೀನ್ ಮತ್ತು ಅಕ್ವೈನಸರನ್ನು ನೆನೆದು, ಅನ್ಯಾಯದ ಕಾನೂನು ದೈವನಿಯಮಕ್ಕೆ ಹೊಂದದ್ದು ಎಂದರು. ಅಷ್ಟಕ್ಕೇ ನಿಲ್ಲದೆ, ಬಹುಸಂಖ್ಯಾತರು ತಾವು ಪಾಲಿಸದೆ ಅಲ್ಪಸಂಖ್ಯಾತರ ಮೇಲೆ ಮಾತ್ರ ಹೇರುವ ಕಾನೂನು ಅನ್ಯಾಯದ್ದು ಎಂದೂ, ಮತದಾನದ ಹಕ್ಕಿಲ್ಲದ ಕಾರಣ ಯಾರಿಗೆ ಅದರ ರಚನೆಯಲ್ಲಿ ಪಾಲೇ ಇರಲಿಲ್ಲವೋ ಅವರ ಮೇಲೆ ಹೇರಿದ ಕಾನೂನೂ ಅನ್ಯಾಯದ್ದೇ ಎಂದೂ ವಿವರಿಸಿದರು. ಮೊದಲ ಮಾತನ್ನು ಒಪ್ಪದವನೂ ಮುಂದಿನ ಮಾತುಗಳಿಗೆ ಉತ್ತರ ಕೊಡಲೇಬೇಕಾಗುತ್ತದೆ. ಇಷ್ಟನ್ನು ಬರೆಯಲು ಕಿಂಗ್ ತಮ್ಮ ಶ್ರದ್ಧೆಯ ಒಂದಂಶವನ್ನೂ ಬಿಟ್ಟುಕೊಡಬೇಕಾಗಲಿಲ್ಲ.

ಪ್ರಶ್ನೆ: ಕ್ರೌರ್ಯಕ್ಕೆ ಸಮರ್ಥನೆ ಒದಗಿಸಿದವರೂ ಬುದ್ಧಿವಂತರೇ. ಹಾಗಿರುವಾಗ ವಿಚಾರವನ್ನು ಏಕೆ ನೆಚ್ಚಬೇಕು?

ಉತ್ತರ: ತರ್ಕವನ್ನೂ ವಿಚಾರವನ್ನೂ ಒಂದೇ ಎಂದುಕೊಂಡಾಗ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ತರ್ಕವು ಒಪ್ಪಿಕೊಂಡ ಮಾತಿನಿಂದ ಅದರ ಫಲಿತಕ್ಕೆ ಕರೆದೊಯ್ಯುತ್ತದೆ. ಒಪ್ಪಿಕೊಂಡದ್ದೇ ತಪ್ಪಾಗಿದ್ದರೆ ಅದು ತಪ್ಪಿನ ಕಡೆಗೇ ನೇರವಾಗಿ ಸಾಗುತ್ತದೆ. ನಮ್ಮ ಭಾಷೆಯಲ್ಲಿ ‘ವಿಚಾರಿಸು’ ಎಂದರೆ ಯೋಚಿಸು ಎಂದಷ್ಟೇ ಅಲ್ಲ, ಇನ್ನೊಬ್ಬರನ್ನು ಕೇಳು ಎಂದೂ ಅರ್ಥವಿದೆ. ಯೋಗಕ್ಷೇಮವನ್ನು ನಾವು ವಿಚಾರಿಸುತ್ತೇವೆ. ಆ ಇನ್ನೊಬ್ಬರು ಇಲ್ಲವಾದಲ್ಲಿ ವಿಚಾರವು ಬರಿಯ ತರ್ಕವಾಗಿ ಉಳಿಯುತ್ತದೆ.

1793ರ ನವೆಂಬರಿನಲ್ಲಿ ಪ್ಯಾರಿಸಿನ ನೋತ್ರ್ ದಾಮ್ ಚರ್ಚನ್ನು ಫ್ರೆಂಚ್ ಕ್ರಾಂತಿಕಾರರು ‘ವಿಚಾರದ ದೇಗುಲ’ವನ್ನಾಗಿ ಮಾಡಿ ಉತ್ಸವ ನಡೆಸಿದರು. ಆ ಹೊತ್ತಿಗೆ, ಮನುಷ್ಯನ ವಿಚಾರಶಕ್ತಿಯ ಮೇಲೆ ಯಾರಿಗೂ ಕಡಿಮೆಯಿಲ್ಲದ ಭರವಸೆಯಿಟ್ಟಿದ್ದ ಗಣಿತಜ್ಞ ಕಾಂಡೋರ್ಸೆ ಅದೇ ನಗರದಲ್ಲಿ ತಲೆಮರೆಸಿಕೊಂಡಿದ್ದನು. ರಾಜನಿಗೆ ಮರಣದಂಡನೆ ಕೂಡದೆಂದು ಮತ ಹಾಕಿ, ಆಮೇಲೆ ಹೊಸ ಸಂವಿಧಾನವನ್ನೂ ಟೀಕಿಸಿದ ಅವನ ಬಂಧನಕ್ಕೆ ಆಜ್ಞೆಯಾಗಿತ್ತು. 1794ರ ಮಾರ್ಚಿನಲ್ಲಿ ಸಿಕ್ಕಿಬಿದ್ದ ಅವನು ಸೆರೆಯಲ್ಲೇ ತೀರಿಕೊಂಡನು. ದೇಗುಲ ಕಟ್ಟಿದವರು ಅವನ ಆಕ್ಷೇಪಗಳಿಗೆ ಉತ್ತರ ಕೊಟ್ಟಿರಲಿಲ್ಲ.