ಪ್ರತಿಕ್ರಿಯೆ: ಹಾಕ್ ಜೆಟ್ ಮಾಡೆಲ್‌ನಲ್ಲಿ ಟೇಪ್ ಜೊತೆ ಬಣ್ಣ ಕಿತ್ತು ಬರುವುದು

ನಿಮ್ಮ ಹಾರುವ ಹಾಕ್ ಮಾಡೆಲ್‌ಗೆ ವಾಯುಪಡೆಯ ಸೂರ್ಯಕಿರಣ್ ತಂಡದ ಕೆಂಪು-ಬಿಳಿ ಬಣ್ಣ ಹೊಡೆಯುವಾಗ ಮಾಸ್ಕಿಂಗ್ ಟೇಪ್ ಜೊತೆ ಪ್ರೈಮರ್ (ಬಣ್ಣಕ್ಕೂ ಮೊದಲು ಹೊಡೆಯುವ ಅಡಿಲೇಪ) ಕೂಡ ಎದ್ದು ಬಂತು ಅಂದಿದ್ದೀರಿ. ಹಾಗಾದರೆ ತಪ್ಪು ಟೇಪಿನದ್ದಲ್ಲ. ಫೈಬರ್‌ಗ್ಲಾಸ್ ಬಾಡಿ ಅಚ್ಚಿಗೆ ಅಂಟದಿರಲಿ ಅಂತ ಹಚ್ಚುವ ಮೇಣ ಹಾಗೇ ಉಳಿದಿರಬೇಕು. ಫೋಟೋ ಇಲ್ಲದೆ ಖಚಿತವಾಗಿ ಹೇಳಲಾರೆ. ಕಿತ್ತು ಬಂದ ಜಾಗ ಗಾಜಿನಂತೆ ಹೊಳೆಯುತ್ತಿದ್ದರೆ ಬಹುಶಃ ಮೇಣವೇ. ಪ್ರೈಮರ್ ಅಲ್ಲೇ ಉಳಿದು ಕೆಂಪು ಮಾತ್ರ ಹೋಗಿದ್ದರೆ, ಒಣಗಿದ ಪ್ರೈಮರನ್ನು ಉಜ್ಜದೆ ಬಣ್ಣ ಹೊಡೆದಿದ್ದೀರಿ, ಅಷ್ಟೇ.

ಮೇಣವಾದರೆ ಮೊದಲೇ ಸ್ಯಾಂಡ್ ಪೇಪರ್ ಹಿಡಿಯಬೇಡಿ. ಉಜ್ಜಿದರೆ ಮೇಣ ಗೀರುಗಳೊಳಗೆ ಸೇರಿಕೊಳ್ಳುತ್ತದೆ. ಸಡಿಲ ಬಣ್ಣವನ್ನೆಲ್ಲ ಟೇಪಿನಿಂದಲೇ ಕೀಳಿ. ಪಾತ್ರೆ ತೊಳೆಯುವ ಲಿಕ್ವಿಡ್, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಪ್ಯಾನೆಲ್ ಗೆರೆಗಳಿಗೆ (ತಗಡಿನ ಜೋಡಣೆಯಂತೆ ಕಾಣಲು ಬಾಡಿಯಲ್ಲಿ ಕೊರೆದ ಸಣ್ಣ ಗೆರೆಗಳು) ಹಳೆಯ ಟೂತ್‌ಬ್ರಷ್ ಬೇಕೇ ಬೇಕು, ಮೇಣ ಜಾಸ್ತಿ ಕೂರುವುದು ಅಲ್ಲೇ. ಆಮೇಲೆ ಕಾರು ಪೇಂಟ್ ಅಂಗಡಿಯ ವ್ಯಾಕ್ಸ್ ರಿಮೂವರ್ ಹಚ್ಚಿ, ಅದು ಆರುವ ಮೊದಲೇ ಬೇರೆ ಒಣ ಬಟ್ಟೆಯಿಂದ ಒರೆಸಿ.

ಈಗ 400 ನಂಬರಿನ ವಾಟರ್ ಪೇಪರ್‌ನಲ್ಲಿ (ನೀರು ಹಾಕಿ ಉಜ್ಜುವ ಸ್ಯಾಂಡ್ ಪೇಪರ್) ಹೊಳಪು ಹೋಗುವವರೆಗೆ ಉಜ್ಜಿ. ನೀರು ಸುರಿದು ನೋಡಿ: ಹನಿ ಹನಿಯಾಗಿ ನಿಂತರೆ ಮತ್ತೆ ತೊಳೆಯಿರಿ, ಒಂದೇ ಸಮನೆ ಹರಡಿದರೆ ಸರಿ. ಎಪಾಕ್ಸಿ ಪ್ರೈಮರ್ ತೆಳುವಾಗಿ ಹೊಡೆಯಿರಿ. ದಪ್ಪವಾದರೆ ಪ್ಯಾನೆಲ್ ಗೆರೆ ಮುಚ್ಚುತ್ತದೆ, ಬಾಲವೂ ಭಾರವಾಗುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ಹೊಟ್ಟೆಯ ಕೆಳಗೆ ಟೇಪ್ ಅಂಟಿಸಿ ಎಳೆದು ನೋಡಿ. ಪ್ರೈಮರ್ ನಿಂತರೆ ಬಿಳಿ ಮೊದಲು, ಕೆಂಪು ಆಮೇಲೆ. ಮೇಲ್ಮೈಯಲ್ಲಿ ರಿವೆಟ್ (ತಗಡು ಜೋಡಿಸುವ ಮೊಳೆ) ಗುರುತು ಮೂಡಿಸುವ ಕೆಲಸ ಅಲ್ಲಿಯವರೆಗೆ ಕಾಯಲಿ. ಹಾರಿಸುವ ಮುನ್ನ ಸಿ.ಜಿ. (ವಿಮಾನದ ತೂಕ ಸಮತೋಲನಗೊಳ್ಳುವ ಬಿಂದು) ಮತ್ತೆ ನೋಡಿ.