ಸಂಜೆ ಆರೂವರೆಯ ಹೊಟ್ಟೆನೋವು

ತಾಯಿ ನನ್ನ ಮೇಜಿನ ಮೇಲೆ ತೆರೆದಿಟ್ಟ ನೋಟ್‌ಬುಕ್ಕಿನ ಪುಟದ ತುಂಬ ಒಂದೇ ಪದವಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಇವಾಪರೇಷನ್, ಇಪ್ಪತ್ತು ಸಲ. ಕೈಬರಹ ದುಂಡಗೆ ಮುದ್ದಾಗಿತ್ತು. ಆದರೆ ಅಕ್ಷರಗಳು ಒಂದರ ಕೆಳಗೊಂದು ಕಂಬ ನೆಟ್ಟ ಹಾಗೆ ನಿಂತಿದ್ದವು, ಹನ್ನೆರಡನೇ ಸಾಲಿನಿಂದ ಕೆಳಗೆ ನಡುವಿನ ಒಂದು ಕಂಬವೇ ಇರಲಿಲ್ಲ. ಹುಡುಗಿ ಮೊದಲು ಇಪ್ಪತ್ತು ‘ಇ’, ಆಮೇಲೆ ಇಪ್ಪತ್ತು ‘ವಿ’ ಎಂದು ಮೇಲಿನಿಂದ ಕೆಳಕ್ಕೆ ಇಳಿಸಿಕೊಂಡು ಹೋಗಿದ್ದಳು. ನಡುವೆ ಯಾರೋ ಊಟಕ್ಕೆ ಕರೆದಿರಬೇಕು, ಒಂದು ಅಕ್ಷರ ಅರ್ಧಕ್ಕೇ ನಿಂತುಹೋಗಿತ್ತು. ಪುಟದ ಕೊನೆಯಲ್ಲಿ ಕೆಂಪು ಶಾಯಿಯ ಸರಿ ಗುರುತೂ ಸಹಿಯೂ ಇದ್ದವು.

“ನೋಡಿ ಮೇಡಂ, ಇಷ್ಟು ಬರೆದರೂ ಬೆಳಿಗ್ಗೆ ಕೇಳಿದರೆ ಒಂದೂ ನೆನಪಿರುವುದಿಲ್ಲ. ಪುಸ್ತಕ ತೆಗೆ ಎಂದರೆ ಸಾಕು, ಹೊಟ್ಟೆ ಹಿಡಿದುಕೊಂಡು ಮಲಗಿಬಿಡುತ್ತಾಳೆ” ಎಂದರು ತಾಯಿ.

ನಾನು ಮಕ್ಕಳ ಆಪ್ತಸಮಾಲೋಚಕಿ. ಗುರುತು ಸಿಗದಂತೆ ಈ ಮನೆಯವರ ಊರು, ವೃತ್ತಿ ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ತಂದೆತಾಯಿಯ ಒಪ್ಪಿಗೆ ಇದೆ. ಹುಡುಗಿಯನ್ನು ಇಲ್ಲಿ ಪುಟ್ಟಿ ಎನ್ನುತ್ತೇನೆ. ಹತ್ತು ವರ್ಷ, ಐದನೇ ತರಗತಿ. ಮೂರನೇ ತರಗತಿಯವರೆಗೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವಳು. ತಂದೆ ತಾಲ್ಲೂಕು ಕೇಂದ್ರದಲ್ಲಿ ಗೊಬ್ಬರದ ಅಂಗಡಿ ಹಾಕಿದ ಮೇಲೆ ಅಲ್ಲಿನ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿದ್ದಾಳೆ. ಮನೆಯಲ್ಲಿ ಅಜ್ಜಿಯೂ ಇದ್ದಾರೆ.

ಹೊಟ್ಟೆನೋವಿಗೆ ಮಕ್ಕಳ ವೈದ್ಯರ ಬಳಿ ತೋರಿಸಿದ್ದಾಗಿತ್ತು, ಸ್ಕ್ಯಾನ್ ಆಗಿತ್ತು, ಏನೂ ಸಿಕ್ಕಿರಲಿಲ್ಲ. ದೃಷ್ಟಿಯಾಗಿದೆ ಎಂದು ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸಿದ್ದೂ ಆಗಿತ್ತು. ಯಾವ ಯಾವ ದಿನ ನೋವು ಬರುತ್ತದೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೇಳಿದೆ. ಎರಡು ವಾರದಲ್ಲಿ ಒಂಬತ್ತು ಗುರುತು, ಎಲ್ಲವೂ ಸಂಜೆ ಆರೂವರೆಯ ಆಸುಪಾಸು. ಶನಿವಾರ ಸಂಜೆ ಒಂದೂ ಇಲ್ಲ. ಇದನ್ನು ಕಂಡ ತಂದೆ “ನಾಟಕ” ಎಂದರು. ಈ ಮಾತನ್ನು ನಾನು ತಿಂಗಳಿಗೆ ನಾಲ್ಕು ಸಲವಾದರೂ ಕೇಳುತ್ತೇನೆ. ಆತಂಕ ಹೆಚ್ಚಾದಾಗ ಮಕ್ಕಳ ಹೊಟ್ಟೆ ನಿಜವಾಗಿಯೇ ನೋಯುತ್ತದೆ. ಸಂಬಳ ತಡವಾದರೆ ದೊಡ್ಡವರಿಗೆ ತಲೆ ಸಿಡಿಯುವುದಿಲ್ಲವೇ, ಹಾಗೆಯೇ.

ಪುಟ್ಟಿಯ ಜೊತೆ ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿದೆ. ಮೊದಲು ಕನ್ನಡ ಕಥೆಯ ಒಂದು ಪುಟ ಓದಿಸಿದೆ. ತಡವರಿಸದೆ, ನಗುವ ಕಡೆ ನಗುತ್ತಾ ಓದಿದಳು. ಓದುವುದರಲ್ಲೇ ತೊಡಕಿದ್ದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಪರೀಕ್ಷೆಗೆ ಕಳುಹಿಸುತ್ತಿದ್ದೆ, ಇಲ್ಲಿ ಅದರ ಅಗತ್ಯ ಕಾಣಲಿಲ್ಲ.

ನಂತರ ಅವಳ ಗಣಿತದ ಪರೀಕ್ಷೆಯ ಹಾಳೆ ತೆಗೆದೆ. 1/4 ದೊಡ್ಡದೋ 1/8 ದೊಡ್ಡದೋ ಎಂಬ ಪ್ರಶ್ನೆಗೆ 1/8 ಎಂದು ಬರೆದು ಸೊನ್ನೆ ತೆಗೆದುಕೊಂಡಿದ್ದಳು. ಹಾಳೆ ಮಡಚಿಟ್ಟು, “ನಿಮ್ಮಜ್ಜಿ ಅಕ್ಕಿ ಯಾವುದರಲ್ಲಿ ಅಳೆಯುತ್ತಾರೆ?” ಎಂದೆ.

“ಪಾವಿನಲ್ಲಿ. ಹಿತ್ತಾಳೆಯದ್ದು.”

“ಒಂದು ಸೇರಿಗೆ ಎಷ್ಟು ಪಾವು?”

“ನಾಲ್ಕು.”

“ಅರೆಪಾವು?”

ಬೆರಳು ಮಡಚುತ್ತಾ, “ಎಂಟು” ಎಂದಳು.

“ಹಾಗಾದರೆ ಪಾವು ದೊಡ್ಡದೋ ಅರೆಪಾವು ದೊಡ್ಡದೋ?”

ಇದನ್ನೂ ಕೇಳಬೇಕೇ ಎಂಬಂತೆ ನನ್ನನ್ನು ನೋಡಿದಳು. ಮಡಚಿಟ್ಟ ಹಾಳೆಯನ್ನು ಮತ್ತೆ ಬಿಡಿಸಿದೆ. ಕೆಳಗಿನ 4 ಮತ್ತು 8ರ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂತಿದ್ದವಳು, “ಇದು ಪಾವಾ?” ಎಂದಳು.

ಮುಕ್ಕಾಲು ಎಂಬ ನಮ್ಮ ಪದವನ್ನೇ ನೋಡಿ. ಮೂರು, ಕಾಲು. ಎಂಥ ತುಂಡು, ಅಂಥವು ಎಷ್ಟು ಎಂಬ ಎರಡೂ ಮಾತು ಆ ಒಂದು ಪದದಲ್ಲಿವೆ. ನ್ಯೂಮರೇಟರ್, ಡಿನಾಮಿನೇಟರ್ ಎಂದು ಪುಟ್ಟಿ ಹತ್ತು ದಿನದಿಂದ ಉರು ಹೊಡೆಯುತ್ತಿದ್ದುದು ಇದನ್ನೇ. ನಮ್ಮ ಹಿರಿಯರು ಕಾಲು, ಅರೆ, ಮುಕ್ಕಾಲುಗಳಿಗೂ ಮಗ್ಗಿ ಹೇಳುತ್ತಿದ್ದರು. ಅದನ್ನು ಮತ್ತೆ ಕಲಿಸಿ ಎನ್ನುತ್ತಿಲ್ಲ, ಮನೆಯಲ್ಲಿ ಓಡಾಡುವ ಪದಕ್ಕೆ ಎಷ್ಟು ತೂಕವಿದೆ ಎಂದು ಹೇಳುತ್ತಿದ್ದೇನೆ ಅಷ್ಟೇ.

ವಿಜ್ಞಾನದ ಕಥೆಯೂ ಇದೇ. ಅಂಗಳಕ್ಕೆ ಚೆಲ್ಲಿದ ನೀರು ಏನಾಗುತ್ತದೆ ಎಂದೆ. ಆರಿಹೋಗುತ್ತದೆ ಎಂದಳು. ಆರಿ ಎಲ್ಲಿಗೆ ಹೋಗುತ್ತದೆ? “ಆವಿಯಾಗಿ ಮೇಲಕ್ಕೆ. ಇಡ್ಲಿ ಪಾತ್ರೆಯಲ್ಲಾದರೆ ಮುಚ್ಚಳಕ್ಕೆ ತಗುಲಿ ಹನಿಯಾಗುತ್ತದೆ. ಅಂಗಳಕ್ಕೆ ಮುಚ್ಚಳ ಇಲ್ಲವಲ್ಲ, ಅದಕ್ಕೇ ಕಾಣುವುದಿಲ್ಲ.” ಇವಾಪರೇಷನ್ನೂ ಕಂಡೆನ್ಸೇಷನ್ನೂ ಆ ಮೂರು ವಾಕ್ಯಗಳಲ್ಲಿ ಮುಗಿದವು. ಶಾಲೆಯ ಲೆಕ್ಕದಲ್ಲಿ ಈ ಹುಡುಗಿಗೆ ಎರಡೂ ಬರುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ಕನ್ನಡ ಮಾಧ್ಯಮದ ಪರವಾದ ಭಾಷಣವಾಗುತ್ತದೆ. ಕನ್ನಡ ಮಾಧ್ಯಮದ ಮಕ್ಕಳೂ ನನ್ನ ಬಳಿ ಬರುತ್ತಾರೆ. ದ್ಯುತಿಸಂಶ್ಲೇಷಣೆ ಎಂಬ ಪದವನ್ನು ಇಪ್ಪತ್ತು ಸಲ ಬರೆದ ಮಗುವಿನ ಮುಖವೂ ಪುಟ್ಟಿಯ ಮುಖದ ಹಾಗೆಯೇ ಇರುತ್ತದೆ. ವಸ್ತುವನ್ನು ಕಾಣುವ ಮೊದಲೇ ಹೆಸರನ್ನು ಉರು ಹೊಡೆಸಿದರೆ ಆ ಹೆಸರು ಯಾವ ಭಾಷೆಯದಾದರೇನು?

ಮುಂದಿನ ವಾರ ತಾಯಿ ಒಬ್ಬರೇ ಬಂದರು. ಪಿಯುಸಿಯವರೆಗೆ ಕನ್ನಡದಲ್ಲಿ ಓದಿದವರು. ಅಂಶ, ಛೇದ, ಸುತ್ತಳತೆ ಎಲ್ಲ ಚೆನ್ನಾಗಿ ಗೊತ್ತು. ಮಗಳ ಪುಸ್ತಕ ತೆಗೆದರೆ ಒಂದು ಪದವೂ ಗುರುತು ಸಿಗುವುದಿಲ್ಲ. ಅವಳು ಮಲಗಿದ ಮೇಲೆ ಮೊಬೈಲಿನಲ್ಲಿ ಅನುವಾದ ಹುಡುಕಿ ಅರ್ಥ ಬರೆದಿಡುತ್ತಿದ್ದರು. ವಾಲ್ಯೂಮ್ ಎಂದರೆ ಸಂಪುಟ ಎಂದು ಬಂದಿತ್ತು. “ಸಂಪುಟ ಎಂದರೆ ಮಂತ್ರಿಗಳಲ್ಲವೇ ಅಮ್ಮಾ?” ಎಂದು ಪುಟ್ಟಿ ಕೇಳಿದಾಗ ಉತ್ತರ ಹೊಳೆಯಲಿಲ್ಲ. ಘನಫಲ ಎಂಬುದು ಅವರಿಗೆ ಗೊತ್ತಿದ್ದ ಪದವೇ, ಆ ಹೊತ್ತಿಗೆ ನೆನಪಾಗಲಿಲ್ಲ. ಪ್ರಾಡಕ್ಟ್ ಎಂದರೆ ಉತ್ಪನ್ನ ಎಂದಿತ್ತು, ಗುಣಲಬ್ಧ ಎಂದಿರಲಿಲ್ಲ. ಉಪ್ಪು ನೀರು ಒಂದು ಸಲ್ಯೂಷನ್ ಎಂಬಲ್ಲಿ ದ್ರಾವಣ ಬರುವ ಕಡೆ ಪರಿಹಾರ ಬಂದಿತ್ತು. ಬೆಳೆ ಪರಿಹಾರದ ಸುದ್ದಿ ದಿನವೂ ಕೇಳುವ ಮನೆ ಅದು. ಹೇಳುತ್ತಾ ಹೇಳುತ್ತಾ ಅವರೇ ನಕ್ಕರು, ಆಮೇಲೆ ನಗು ನಿಂತಿತು.

“ಅವತ್ತು ಸಂಪುಟದ ಮಾತಿಗೇ ಅವಳ ಕೆನ್ನೆಗೆ ಹೊಡೆದೆ ಮೇಡಂ. ಅವಳು ತಪ್ಪು ಹೇಳಿರಲಿಲ್ಲ. ನನಗೆ ಗೊತ್ತಿಲ್ಲ ಎನ್ನುವುದು ಅವಳಿಗೆ ಗೊತ್ತಾಗಿಬಿಟ್ಟಿತಲ್ಲ ಎಂದು ಹೊಡೆದೆ.”

ಆರೂವರೆಯ ಹೊಟ್ಟೆನೋವಿನ ಬೇರು ಎಲ್ಲಿದೆ ಎಂದು ನನಗೆ ತಿಳಿದದ್ದು ಆಗ. ಪುಟ್ಟಿ ಪದಗಳಿಗಿಂತ ಹೆಚ್ಚಾಗಿ ಪುಸ್ತಕ ತೆರೆದಾಗ ಅಮ್ಮನ ಮುಖ ಬದಲಾಗುವುದಕ್ಕೆ ಹೆದರುತ್ತಿದ್ದಳು.

ನನ್ನ ಮೊದಲ ಸಲಹೆ ಕೆಟ್ಟಿತು, ಅದನ್ನೂ ಬರೆಯಬೇಕು. ಬಣ್ಣದ ಕಾರ್ಡುಗಳಲ್ಲಿ ಒಂದೊಂದು ಪದ ಬರೆದು ಚಿತ್ರ ಅಂಟಿಸಿ ಎಂದಿದ್ದೆ. ಆ ತಾಯಿ ಒಂದೇ ಭಾನುವಾರ ಅರವತ್ತು ಕಾರ್ಡು ಮಾಡಿದರು. ಫ್ರಿಜ್ಜಿನ ಮೇಲೆ, ಬಚ್ಚಲಮನೆಯ ಬಾಗಿಲ ಮೇಲೆ, ಊಟದ ಜಾಗದ ಎದುರಿನ ಗೋಡೆಯ ಮೇಲೆ ಕಾರ್ಡುಗಳು. ಆ ವಾರ ಹೊಟ್ಟೆನೋವು ಬೆಳಿಗ್ಗೆಯೂ ಶುರುವಾಯಿತು. ಹೆದರಿದ ಮನೆಯ ಕೈಗೆ ಯಾವ ಉಪಾಯ ಕೊಟ್ಟರೂ ಅದು ಹೋಮ್‌ವರ್ಕೇ ಆಗುತ್ತದೆ ಎಂಬುದು ನನಗೆ ಮೊದಲೇ ಹೊಳೆಯಬೇಕಿತ್ತು. ಕಾರ್ಡುಗಳನ್ನೆಲ್ಲ ತೆಗೆಸಿದೆ.

ಎರಡನೇ ಸುತ್ತಿನಲ್ಲಿ ಹೇಳಿದ್ದು ಕಡಿಮೆ. ಸಂಜೆ ಗಡಿಯಾರ ನೋಡಿ ಅರ್ಧ ಗಂಟೆ, ಆಮೇಲೆ ಪುಸ್ತಕ ಮುಚ್ಚಬೇಕು. ಉಳಿದ ಕೆಲಸ ಉಳಿಯಲಿ, ಶಾಲೆಗೆ ನಾನು ಹೇಳುತ್ತೇನೆ. ಆ ಅರ್ಧ ಗಂಟೆಯಲ್ಲಿ ಅಮ್ಮ ಕಲಿಸುವಂತಿಲ್ಲ, ಕಲಿಯಬೇಕು. ಪುಟ್ಟಿ ಹೇಳಿಕೊಡಲಿ. ಗೊತ್ತಿಲ್ಲದ್ದು ಬಂದರೆ “ನನಗೂ ಗೊತ್ತಿಲ್ಲ, ನಾಳೆ ಮಿಸ್ಸನ್ನು ಕೇಳಿಕೊಂಡು ಬಾ” ಎಂದು ಬಾಯಿಬಿಟ್ಟು ಹೇಳಬೇಕು. ಈ ಕೊನೆಯ ಮಾತನ್ನು ನನ್ನೆದುರೇ ಮೂರು ಸಲ ಹೇಳಿಸಿದೆ. ಮೊದಲ ಸಲ ಅವರ ದನಿ ಏಳಲಿಲ್ಲ.

ಪದಗಳು ವಾರಕ್ಕೆ ಮೂರೇ. ಮೊದಲು ವಸ್ತು, ಆಮೇಲೆ ಮನೆಯ ಮಾತು, ಕೊನೆಗೆ ಪುಸ್ತಕದ ಪದ. ಪೆರಿಮೀಟರ್ ಬಂದರೆ ಹೊಸಲಿನಿಂದ ಶುರುಮಾಡಿ ಗೋಡೆ ಹಿಡಿದು ನಡುಮನೆಯನ್ನು ಒಂದು ಸುತ್ತು ಬರಲಿ, ಹೆಜ್ಜೆ ಎಣಿಸಲಿ, ಸುತ್ತಳತೆ ಎನ್ನಲಿ, ಆಮೇಲೆ ಇಂಗ್ಲಿಷ್ ಹೆಸರು ಬರಲಿ. ಭಿನ್ನರಾಶಿಯ ಪಾಠ ಅಜ್ಜಿಗೆ, ಪಾವಿನ ಸಮೇತ. ಅಜ್ಜಿ “ನನಗೇನು ಬರುತ್ತದೆ, ನಾನು ಹೆಬ್ಬೆಟ್ಟು” ಎಂದರಂತೆ. ಸೊಸೆ ಬಿಡಲಿಲ್ಲ.

ನೋವು ಬಂದಾಗ ಬೈಯುವುದೂ ಬೇಡ, ಪುಸ್ತಕ ಎತ್ತಿಡುವುದೂ ಬೇಡ. ಎತ್ತಿಟ್ಟರೆ ನೋವೇ ರಜೆಯ ಚೀಟಿಯಾಗುತ್ತದೆ. ಬಿಸಿನೀರು ಕೊಟ್ಟು ಪಕ್ಕದಲ್ಲಿ ಕೂರಿ, ಹತ್ತು ನಿಮಿಷ ಬಿಟ್ಟು ಒಂದೇ ಲೆಕ್ಕ ಮಾಡಿಸಿ ಎಂದೆ.

ತಂದೆಗೆ ಇದೆಲ್ಲ ಆಟ ಎನಿಸಿತು. ಟ್ಯೂಷನ್‌ಗೆ ಸೇರಿಸೋಣ ಎಂದರು. “ಒಂದೂವರೆ ವರ್ಷವಾಯಿತು, ಗೆಳತಿಯರ ಜೊತೆ ಇಂಗ್ಲಿಷಿನಲ್ಲಿ ಪಟಪಟ ಮಾತಾಡುತ್ತಾಳೆ, ಪುಸ್ತಕ ಮಾತ್ರ ಯಾಕೆ ಅರ್ಥವಾಗುವುದಿಲ್ಲ?” ಪ್ರಶ್ನೆ ನ್ಯಾಯವಾದದ್ದೇ. ಕೆನಡಾದ ಭಾಷಾ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲೇ ಆಟದ ಭಾಷೆ ಬೇರೆ, ಪಾಠದ ಭಾಷೆ ಬೇರೆ ಎಂದು ವಿಂಗಡಿಸಿದ್ದರು. ಹೊಸ ಭಾಷೆಯಲ್ಲಿ ಮಾತುಕತೆ ಸುಮಾರು 2 ವರ್ಷಕ್ಕೆ ಒಗ್ಗಿದರೂ ಓದಿನ ಭಾಷೆ ಸರಾಗವಾಗಲು 5ರಿಂದ 7 ವರ್ಷ ಬೇಕಾಗಬಹುದು ಎಂದರು. ಇದನ್ನು ಹೇಳಿದಾಗ ತಂದೆ ಲೆಕ್ಕ ಹಾಕಿ, “ಅಂದರೆ ಹತ್ತನೇ ತರಗತಿಯ ಹೊತ್ತಿಗೆ?” ಎಂದರು. ಸುಮಾರು ಹಾಗೆಯೇ ಎಂದೆ. ಅವರ ಮುಖ ಸಣ್ಣದಾಯಿತು. ಸುಳ್ಳು ಸಮಾಧಾನ ಹೇಳಲು ನನಗೆ ಮನಸ್ಸಾಗಲಿಲ್ಲ.

ಪುಟ್ಟಿಯ ತರಗತಿಯ ಶಿಕ್ಷಕಿಯನ್ನೂ ಕಂಡೆ. ನಲವತ್ತೆರಡು ಮಕ್ಕಳ ತರಗತಿ. ಇಪ್ಪತ್ತು ಸಲ ಬರೆಸುವುದು ಅವರ ಆಸೆಯೇನಲ್ಲ, ನೋಟ್‌ಬುಕ್ ತುಂಬಿರದಿದ್ದರೆ ಪೋಷಕರೇ ಬಂದು ಕೇಳುತ್ತಾರಂತೆ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯಲ್ಲಿ ಎರಡನೇ ತರಗತಿಯವರೆಗೆ ಹೋಮ್‌ವರ್ಕೇ ಬೇಡ, ಮೂರರಿಂದ ಐದರವರೆಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ ಎಂದಿದೆ. ಪುಟ್ಟಿಯ ಮನೆಯಲ್ಲಿ ಅಷ್ಟು ಹೊತ್ತು ಒಂದೂವರೆ ದಿನಕ್ಕೇ ಮುಗಿಯುತ್ತಿತ್ತು. ನೀತಿಯ ಮಾತೆತ್ತಿದರೆ ಬಾಗಿಲು ಮುಚ್ಚುತ್ತದೆ ಎಂದು ಅನುಭವದಿಂದ ಗೊತ್ತು, ಹಾಗಾಗಿ ಆ ಕಾಗದವನ್ನು ಚೀಲದಲ್ಲೇ ಇಟ್ಟುಕೊಂಡೆ. ಕಂಬದಂತೆ ಬರೆದ ಆ ಪುಟವನ್ನು ಮಾತ್ರ ತೋರಿಸಿದೆ. ಅವರು ಅದನ್ನು ಬಹಳ ಹೊತ್ತು ನೋಡಿ, “ನಾನೇ ಸರಿ ಹಾಕಿದ್ದೇನೆ” ಎಂದರು. ಪುಟ್ಟಿಗೆ ಇಪ್ಪತ್ತು ಸಾಲಿನ ಬದಲು ಪದಕ್ಕೊಂದು ಚಿತ್ರ, ಯಾವ ಭಾಷೆಯಲ್ಲಾದರೂ ಒಂದು ವಾಕ್ಯ ಎಂದು ಒಪ್ಪಿದರು. ಉಳಿದ ನಲವತ್ತೊಂದು ಮಕ್ಕಳಿಗೆ ಇಪ್ಪತ್ತು ಸಾಲು ಮುಂದುವರಿದಿದೆ.

ನಾಲ್ಕು ತಿಂಗಳಾಯಿತು. ಮೊದಲ ತಿಂಗಳಲ್ಲೇ ಹೊಟ್ಟೆನೋವು ವಾರಕ್ಕೊಂದಕ್ಕೆ ಇಳಿದಿತ್ತು, ಈಗ ಪರೀಕ್ಷೆಯ ಹಿಂದಿನ ದಿನ ಮಾತ್ರ ಬರುತ್ತದೆ. ಅಂಕ ಹೇಳಿಕೊಳ್ಳುವಂತೆ ಏರಿಲ್ಲ. ವಿಜ್ಞಾನದಲ್ಲಿ 25ಕ್ಕೆ 9 ಇದ್ದದ್ದು 13 ಆಗಿದೆ, ಕಾಗುಣಿತದ ತಪ್ಪಿಗೆ ಈಗಲೂ ಅಂಕ ಹೋಗುತ್ತದೆ. ತಂದೆ ನನಗೆ ಹೇಳದೆ ಟ್ಯೂಷನ್‌ಗೆ ಸೇರಿಸಿದರು, ಮೂರು ವಾರಕ್ಕೆ ಬಿಡಿಸಿದರು.

ಕಳೆದ ಸಲ ಬಂದಾಗ ಪುಟ್ಟಿ ನೋಟ್‌ಬುಕ್ ತೆರೆದು ಕಂಡೆನ್ಸೇಷನ್ನಿನ ಪುಟ ತೋರಿಸಿದಳು. ಇಡ್ಲಿ ಪಾತ್ರೆಯ ಮುಚ್ಚಳ, ಅದರ ಒಳಗೆ ಸಾಲಾಗಿ ಹನಿಗಳು, ಪಕ್ಕದಲ್ಲಿ ಸೆರಗಿನಿಂದ ಮುಚ್ಚಳ ಎತ್ತುತ್ತಿರುವ ಅಜ್ಜಿ. ಕೆಳಗೆ ಬರೆದ ಇಂಗ್ಲಿಷ್ ಪದದಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ತಾಯಿಯ ಕಣ್ಣಿಗೆ ಅದು ಬಿತ್ತು, ನನ್ನ ಮೇಜಿನ ಮೇಲಿದ್ದ ಪೆನ್ನಿನತ್ತ ಕೈ ಚಾಚಿದರು. ಆಮೇಲೆ ಕೈ ಹಿಂದಕ್ಕೆ ತೆಗೆದು ಮಡಿಲಲ್ಲಿಟ್ಟುಕೊಂಡು, “ಇದನ್ನು ಹೇಗೆ ಓದುವುದು, ಹೇಳಿಕೊಡು ಪುಟ್ಟಿ” ಎಂದರು.