ಸೈಲೆನ್ಸರ್ ಬಂಪರಿಗೆ ತಾಗ್ತಾ ಉಂಟಾ? ಪೈಪ್ ಕಟ್ ಮಾಡಿಸುವ ಮೊದಲು ಬೋಲ್ಟೆಲ್ಲ ಲೂಸ್ ಮಾಡಿ ನೋಡಿ

ನೀವು ಕೇಳಿದ್ದು ಇಷ್ಟು ಅಲ್ವಾ: ಸ್ವಿಫ್ಟ್ ಪೆಟ್ರೋಲ್ ಗಾಡಿಗೆ ಆನ್‌ಲೈನಲ್ಲಿ ತರಿಸಿದ ಸ್ಟೀಲ್ ಎಕ್ಸಾಸ್ಟ್ ಮನೆಯಲ್ಲೇ ಹಾಕಿದ್ದೀರಿ, ಟಿಪ್ (ಹಿಂದೆ ಹೊರಗೆ ಕಾಣುವ ಪೈಪಿನ ತುದಿ) ಬಂಪರಿಗೆ ತಾಗ್ತದೆ, ಹಂಪ್ ಹಾರುವಾಗ ಕೆಳಗೆ ಟಣ್ ಅಂತ ಹೊಡೀತದೆ, ನಡುವಿನ ಜಾಯಿಂಟಲ್ಲಿ ಚುಸ್ ಚುಸ್ ಅಂತ ಗಾಳಿ ಬಿಡ್ತದೆ, ಗ್ಯಾರೇಜಿನವರು ಪೈಪ್ ಕಟ್ ಮಾಡಿ ವೆಲ್ಡ್ ಹೊಡೀಬೇಕು ಅಂತಾರೆ, ಮನೆಯಲ್ಲೇ ಸರಿ ಮಾಡ್ಲಿಕ್ಕೆ ಆಗ್ತದಾ ಅಂತ. ಆಗ್ತದೆ. ನನ್ನದೂ ಸ್ವಿಫ್ಟೇ, 2012ರದ್ದು, ಮಂಗಳೂರಲ್ಲಿ ಮನೆಯ ಅಂಗಳದಲ್ಲೇ ಹಾಕಿದ್ದು, ನಿಮಗೆ ಆದದ್ದೆಲ್ಲ ನನಗೂ ಆಗಿತ್ತು. ಒಂದು ಭಾನುವಾರ ಇಡೀ ಪೈಪನ್ನು ಎಳೆದು, ದೂಡಿ, ಸುತ್ತಿಗೆಯಲ್ಲಿ ತಟ್ಟಿ ಸಾಕಾಗಿ, ಕೊನೆಗೆ ಎಲ್ಲ ಬೋಲ್ಟ್ ಲೂಸ್ ಮಾಡಿ ಪುನಃ ಮುಂದಿನಿಂದ ಕೂರಿಸಿಕೊಂಡು ಬಂದಾಗ ಮುಕ್ಕಾಲು ಸಮಸ್ಯೆ ಅಲ್ಲೇ ಮುಗಿದಿತ್ತು.

ಯಾಕೆ ಹಾಗೆ ಅಂದ್ರೆ, ಮುಂದಿನ ಫ್ಲ್ಯಾಂಜಲ್ಲಿ, ಅಂದ್ರೆ ಎರಡು ಪೈಪನ್ನು ಬೋಲ್ಟ್ ಹಾಕಿ ಸೇರಿಸುವ ಚಪ್ಪಟೆ ಅಂಚಲ್ಲಿ, ಒಂದೇ ಒಂದು ಡಿಗ್ರಿ ತಿರುಗಿ ಟೈಟ್ ಆದ್ರೆ ಮೂರು ಮೀಟರ್ ಹಿಂದೆ ಟಿಪ್ಪಿನ ಹತ್ರ ಅದು ಐದು ಸೆಂಟಿಮೀಟರ್ ಆಗಿರ್ತದೆ. ನಾವು ಹಿಂದೆ ನಿಂತು ಟಿಪ್ ನೋಡ್ತೇವೆ, ತಪ್ಪು ಇರುದು ಮುಂದೆ. ಹಾಗಾಗಿ ಟಿಪ್ ಹಿಡಿದು ಬಗ್ಗಿಸ್ಲಿಕ್ಕೆ ದಯವಿಟ್ಟು ಹೋಗ್ಬೇಡಿ.

ಅದಕ್ಕಿಂತ ಮೊದಲು ಒಂದು ಮಾತು, ಇದನ್ನು ಮಾತ್ರ ಹಗುರ ಮಾಡ್ಬೇಡಿ. ನಮ್ಮ ಕಡೆ ಗಾಡಿಯನ್ನು ಜಾಕಲ್ಲಿ ಎತ್ತಿ ಅಡಿಗೆ ಕೆಂಪುಕಲ್ಲು ಇಡುವ ಅಭ್ಯಾಸ ಉಂಟು. ಕೆಂಪುಕಲ್ಲು ಹಾಗೇ ಗೋಡೆಗೆ ಗಟ್ಟಿ, ಆದ್ರೆ ಕಾರಿನ ಭಾರ ಒಂದು ಮೂಲೆಗೆ ಬಿತ್ತು ಅಂದ್ರೆ ಏನೂ ಸೂಚನೆ ಕೊಡದೆ ಒಡೆದುಹೋಗ್ತದೆ. ಹಾಲೋ ಬ್ಲಾಕಿನ ಕತೆಯೂ ಅದೇ. ಜಾಕ್ ಸ್ಟ್ಯಾಂಡ್ ಒಂದು ಜೊತೆ ತಗೊಳ್ಳಿ, ಸಮತಟ್ಟು ಸಿಮೆಂಟ್ ನೆಲದಲ್ಲಿ ಇಡಿ, ಮುಂದಿನ ಚಕ್ರಕ್ಕೆ ಎರಡೂ ಕಡೆ ಅಡ್ಡ ಕೊಡಿ, ಬರೀ ಜಾಕ್ ಮೇಲೆ ನಿಂತ ಗಾಡಿಯ ಅಡಿಗೆ ತಲೆ ಹಾಕ್ಲೇಬೇಡಿ. ಇಂಜಿನ್ ಸ್ಟಾರ್ಟ್ ಮಾಡಿ ನೋಡುದಿದ್ರೆ ಹೊರಗೆ ಅಂಗಳದಲ್ಲೇ ಮಾಡಿ, ಶೆಟರ್ ಹಾಕಿದ ಶೆಡ್ಡಲ್ಲಿ ಬೇಡ, ಸೋರುವ ಸೈಲೆನ್ಸರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ.

ಈಗ ಕೆಲಸ. ಹಿಂದಿನ ದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಕರಾವಳಿಯ ಉಪ್ಪುಗಾಳಿಗೆ ಸೈಲೆನ್ಸರ್ ಬೋಲ್ಟ್ ಹಿಡಿದಷ್ಟು ಬೇರೆ ಯಾವ ಬೋಲ್ಟೂ ಹಿಡಿಯುದಿಲ್ಲ. ಓಪನ್ ಸ್ಪ್ಯಾನರ್ ಬೇಡ, ಮೂಲೆ ಉರುಟಾಗ್ತದೆ, ಆರು ಮೂಲೆಯ ಸಾಕೆಟ್ ಹಾಕಿ. ರಬ್ಬರ್ ಹ್ಯಾಂಗರ್ ಕಳಚ್ಲಿಕ್ಕೆ ಸಾಬೂನು ನೀರು ಸಾಕು, ಇಂಜಿನ್ ಆಯಿಲ್ ಹಚ್ಚಬೇಡಿ, ಆ ರಬ್ಬರ್ ಆಯಿಲಿಗೆ ಉಬ್ಬಿ ಮೆತ್ತಗಾಗ್ತದೆ. ರಬ್ಬರಿನ ತೂತು ಉದ್ದಕ್ಕೆ ಎಳೆದ ಹಾಗೆ ಕಂಡ್ರೆ ಹೊಸತೇ ಹಾಕಿ. ಹಳೇ ರಬ್ಬರಲ್ಲಿ ಹೊಸ ಪೈಪ್ ಒಂದೂವರೆ ಸೆಂಟಿಮೀಟರ್ ಜೋತು ಬಿದ್ರೆ ಅದು ಫಿಟ್ಟಿಂಗ್ ತಪ್ಪು ಅಂತಲೇ ನಮಗೆ ಕಾಣ್ತದೆ.

ಆಮೇಲೆ ಇಡೀ ಲೈನನ್ನು ಹ್ಯಾಂಗರಲ್ಲಿ ನೇತು ಹಾಕಿ, ಎಲ್ಲ ಕ್ಲ್ಯಾಂಪು, ಎಲ್ಲ ನಟ್ಟು ಬರೀ ಕೈಯಲ್ಲಿ ತಿರುಗಿಸುವಷ್ಟೇ ಬಿಗಿ ಇರ್ಲಿ. ಪೈಪ್ ತಾನಾಗಿ ಹೇಗೆ ನೇತಾಡ್ತದೆ ಅಂತ ಸ್ವಲ್ಪ ಹೊತ್ತು ಮಲಗಿ ನೋಡಿ. ಮುಂದಿನ ಗ್ಯಾಸ್ಕೆಟ್ ಹೊಸತು ಹಾಕಿ, ಸ್ಪ್ರಿಂಗ್ ಇರುವ ಬೋಲ್ಟ್ ಆದ್ರೆ ಎರಡೂ ಕಡೆ ಸಮ ಸಮ ತಿರುಗಿಸ್ತಾ ಬನ್ನಿ. ಮುಂದಿಂದ ಟೈಟ್ ಮಾಡ್ತಾ ಹಿಂದಕ್ಕೆ ಬನ್ನಿ, ಒಂದೊಂದು ಜಾಯಿಂಟ್ ಆದ ಮೇಲೂ ಹಿಂದೆ ಹೋಗಿ ಟಿಪ್ ಒಮ್ಮೆ ನೋಡಿ. ನನ್ನದರಲ್ಲಿ ನಡುವಿನ ಸ್ಲಿಪ್ ಜಾಯಿಂಟನ್ನು (ಒಂದು ಪೈಪ್ ಇನ್ನೊಂದರ ಒಳಗೆ ಹೋಗುವ ಜಾಯಿಂಟ್) ಗಡಿಯಾರದ ಮುಳ್ಳಲ್ಲಿ ಒಂದೆರಡು ನಿಮಿಷದಷ್ಟು ತಿರುಗಿಸಿದ್ದು ಅಷ್ಟೇ, ಟಿಪ್ ಬಂಪರಿನ ಕಟ್ಟಿಂಗ್ ನಡುವಿಗೆ ಬಂತು.

ಬಂಪರಿಂದ ಎಷ್ಟು ದೂರ ಇರ್ಬೇಕು ಅಂತ ಕೇಳ್ತೀರಿ, ತಣ್ಣಗಿರುವಾಗ ಬೆರಳು ಹೋದ್ರೆ ಸಾಕು ಅಂತ ನಾನೂ ಅಂದುಕೊಂಡಿದ್ದೆ. ಸಾಲದು. 304 ಅನ್ನುವ ಸ್ಟೇನ್‌ಲೆಸ್ ಸ್ಟೀಲ್ ಪೈಪ್ ಪ್ರತಿ ಮೀಟರಿಗೆ 100 ಡಿಗ್ರಿ ಏರಿದ್ರೆ ಸುಮಾರು 1.7 ಮಿಲಿಮೀಟರ್ ಉದ್ದ ಆಗ್ತದೆ, ಮೂರು ಮೀಟರ್ ಪೈಪ್ 300 ಡಿಗ್ರಿ ಏರಿತು ಅಂದ್ರೆ 15 ಮಿಲಿಮೀಟರ್ ಹಿಂದಕ್ಕೆ ಬರ್ತದೆ. ಉದ್ದ ಆಗುದು ಮಾತ್ರ ಅಲ್ಲ, ಬೆಂಡ್ ಇರುವಲ್ಲಿ ಸ್ವಲ್ಪ ಓರೆಯೂ ಆಗ್ತದೆ. ನಾನು ಮೊದಲ ಸಲ ಶಿರಾಡಿ ಘಾಟಿ ಹತ್ತಿ ಇಳಿದು ಬಂದು ನೋಡುವಾಗ ಬಂಪರಿನ ಅಂಚು ಉಗುರಿನಷ್ಟು ಜಾಗ ಮೇಣದ ಹಾಗೆ ಕರಗಿ, ಕಪ್ಪಾಗಿ, ಟಿಪ್ಪಿಗೆ ಅಂಟಿಕೊಂಡಿತ್ತು, ಇವತ್ತಿಗೂ ಆ ಗುರುತು ಉಂಟು. ಹಾಗಾಗಿ ಮೇಲೆ, ಬದಿಗೆ, ಎಲ್ಲ ಕಡೆ 25 ಮಿಲಿಮೀಟರ್ ಬಿಡಿ, ರಬ್ಬರಲ್ಲಿ ಹಿಂದೆ ಮುಂದೆ ಆಡ್ಲಿಕ್ಕೆ ಜಾಗ ಇರ್ಲಿ.

ಟಣ್ ಅಂತ ಹೊಡೆಯುದು ಬೇರೆ ಕತೆ. ಗಾಡಿಯನ್ನು ಬಾಡಿಯಿಂದ ಎತ್ತಿದಾಗ ಹಿಂದಿನ ಚಕ್ರ, ಆ ಎರಡು ಚಕ್ರವನ್ನು ಸೇರಿಸುವ ಆಕ್ಸಿಲ್ ಬೀಮ್ ಎಲ್ಲ ಕೆಳಗೆ ಜೋತು ಬಿದ್ದಿರ್ತದೆ, ಆಗ ಪೈಪಿಗೂ ಬೀಮಿಗೂ ಅಂತರ ಚೆನ್ನಾಗಿ ಕಾಣ್ತದೆ, ಕೆಳಗಿಳಿಸಿ ನಾಲ್ಕು ಜನ ಕೂತ ಕೂಡ್ಲೇ ಬೀಮ್ ಮೇಲೆ ಬಂದು ಅಂತರ ಬದಲಾಗ್ತದೆ. ನಾನು ಇದನ್ನು ಕಂಡುಹಿಡಿದದ್ದು ಚಪಾತಿ ಹಿಟ್ಟಲ್ಲಿ. ಪೈಪ್ ಪೂರ್ತಿ ತಣ್ಣಗಿರುವಾಗ ಸಂಶಯ ಇರುವ ಜಾಗದಲ್ಲಿ ಗಟ್ಟಿ ಕಲಸಿದ ಹಿಟ್ಟಿನ ಉಂಡೆ ಅಂಟಿಸಿ, ಗಾಡಿ ಕೆಳಗಿಳಿಸಿ, ಡಿಕ್ಕಿ ಮೇಲೆ ಇಬ್ಬರು ನಿಂತು ನಾಲ್ಕು ಸಲ ಒತ್ತಿಸಿ, ಪುನಃ ಎತ್ತಿ ನೋಡಿದ್ರೆ ಉಂಡೆ ಒಂದು ಕಡೆ ಕಾಗದದ ಹಾಗೆ ತೆಳ್ಳಗಾಗಿ ಆ ಕಡೆಯ ಬೋಲ್ಟಿನ ತಲೆಯ ಅಚ್ಚು ಕೂಡ ಬಿದ್ದಿತ್ತು. ತಾಗುವ ಜಾಗ ಅದೇ ಅಂತ ಖಾತ್ರಿ ಆಯ್ತು. ಸ್ವಲ್ಪ ದಿನ ಓಡಿಸಿದ ಗಾಡಿ ಆದ್ರೆ ಪೈಪಲ್ಲಿ ಉಜ್ಜಿ ಹೊಳೆಯುವ ಚುಕ್ಕೆಯೂ ಕಾಣ್ತದೆ, ಅದನ್ನು ಹುಡುಕಿ.

ತಿರುಗಿಸಿಯೂ ಅಂತರ ಸಿಗದಿದ್ರೆ ಆಗ ಹ್ಯಾಂಗರ್ ಕಂಬಿಯ ಜಾಗವೇ ತಪ್ಪಾಗಿರ್ತದೆ, ಅದಕ್ಕೆ ಮಾತ್ರ ವೆಲ್ಡಿಂಗ್ ಬೇಕು. ನೀವೇ ಜಾಗ ಗುರುತು ಮಾಡಿ, ಪೈಪ್ ಬಿಚ್ಚಿ, ಕೈಯಲ್ಲಿ ಹಿಡ್ಕೊಂಡು ಹೋಗಿ ಆರ್ಗಾನ್ ವೆಲ್ಡಿಂಗ್ ಮಾಡುವ ಅಂಗಡಿಯಲ್ಲಿ ಆ ಕಂಬಿ ಒಂದನ್ನು ಸರಿಸಿ ಹಾಕಿಸಿ, ಸ್ಟೀಲಿಗೆ ಮಾಮೂಲಿ ರಾಡ್ ಹೊಡೆಸ್ಬೇಡಿ, ಅಲ್ಲಿಂದಲೇ ತುಕ್ಕು ಶುರುವಾಗ್ತದೆ. ಗಾಡಿಯಲ್ಲಿ ಇರುವಾಗಲೇ ವೆಲ್ಡ್ ಮಾಡ್ತೇವೆ ಅಂದ್ರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಹತ್ರ ಪೆಟ್ರೋಲ್ ಟ್ಯಾಂಕ್ ಉಂಟು ಅಂತ ನೆನಪಿರ್ಲಿ. ನಾನಾದ್ರೆ ಬಿಚ್ಚಿಯೇ ಕೊಡ್ತೇನೆ.

ಚುಸ್ ಚುಸ್‌ಗೆ ಬರ್ತೇನೆ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ ಒಬ್ಬರು ದಪ್ಪ ಬಟ್ಟೆಯಲ್ಲಿ ಟಿಪ್ಪನ್ನು ಅರ್ಧ ಮುಚ್ಚಿ ಹಿಡೀಲಿ, ನೀವು ಊದುಬತ್ತಿಯ ಹೊಗೆಯನ್ನು ಜಾಯಿಂಟಿನ ಸುತ್ತ ತನ್ನಿ. ನೇರ ಏರುವ ಹೊಗೆ ಎಲ್ಲಿ ಚದುರ್ತದೆ ಅಲ್ಲಿ ಲೀಕ್. ಹೆಚ್ಚಾಗಿ ಕಾರಣ ಎಂತ ಅಂದ್ರೆ ಪೈಪ್ ಅಳತೆ, ಒಂದು 50 ಮಿಲಿಮೀಟರ್ ಪೈಪ್, ಇನ್ನೊಂದು ಅದರ ಮೇಲೆ ಕೂರುವ, ಎರಡು ಇಂಚಿಗೆ ಮಾಡಿದ ತೋಳು, ಎರಡು ಇಂಚು ಅಂದ್ರೆ 50.8, ಆ ಮುಕ್ಕಾಲು ಮಿಲಿಮೀಟರಲ್ಲೇ ಗಾಳಿ ಹೋಗುದು. ಕಿಟ್ಟಿನ ಜೊತೆ ಬರುವ ಯು ಬೋಲ್ಟ್ ಕ್ಲ್ಯಾಂಪ್ ಪೈಪನ್ನು ಜಜ್ಜಿ ಹಿಡಿಯುದು, ಎಷ್ಟು ಬಿಗಿ ಮಾಡಿದ್ರೂ ಎರಡು ಬದಿಯಲ್ಲಿ ಸಂದು ಉಳೀತದೆ, ಆಮೇಲೆ ಬಿಚ್ಚಲಿಕ್ಕೂ ಬರುದಿಲ್ಲ. ಅಗಲದ ಪಟ್ಟಿ ಇರುವ ಬ್ಯಾಂಡ್ ಕ್ಲ್ಯಾಂಪ್ ಹಾಕಿ, ಪೈಪ್ ಒಳಗೆ ಐದು ಸೆಂಟಿಮೀಟರ್ ಆದ್ರೂ ಹೋಗಿರ್ಲಿ, ತುದಿಯ ಮುಳ್ಳನ್ನು ಅರದಲ್ಲಿ ಉಜ್ಜಿ, ತೆಳ್ಳಗೆ ಸೈಲೆನ್ಸರ್ ಪೇಸ್ಟ್ ಹಚ್ಚಿ. ಪೇಸ್ಟ್ ಒಂದನ್ನೇ ನಂಬಿ ದಪ್ಪಕ್ಕೆ ಮೆತ್ತಿದ್ರೆ ಒಂದು ತಿಂಗಳಲ್ಲಿ ಉದುರ್ತದೆ.

ಲೀಕ್ ಆಕ್ಸಿಜನ್ ಸೆನ್ಸರಿಗಿಂತ (ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಂಟು ಅಂತ ನೋಡುವ ಸೆನ್ಸರ್) ಮುಂದೆ, ಇಂಜಿನ್ ಕಡೆಗೆ ಇದ್ರೆ ಬರೀ ಶಬ್ದದ ವಿಷಯ ಅಲ್ಲ ಅದು. ಪೈಪಿನ ಒಳಗಿನ ಒತ್ತಡ ಏರಿಳಿತದಲ್ಲಿ ಹೊರಗಿನ ಗಾಳಿ ಒಳಗೆ ಎಳೆದುಕೊಳ್ತದೆ, ಸೆನ್ಸರಿಗೆ ಪೆಟ್ರೋಲ್ ಕಡಿಮೆ ಅಂತ ಕಾಣ್ತದೆ, ಇಸಿಯು, ಅಂದ್ರೆ ಇಂಜಿನ್ನಿನ ಕಂಪ್ಯೂಟರ್, ಜಾಸ್ತಿ ಪೆಟ್ರೋಲ್ ಬಿಡ್ತದೆ, ಮೈಲೇಜ್ ಬಿದ್ದುಹೋಗ್ತದೆ.

ನೀವು ಕೇಳದ ಒಂದು ವಿಷಯ. ಕಮೆಂಟಲ್ಲಿ ಯಾರೋ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಕಡಿಮೆ ಮಾಡುವ ಡಬ್ಬಿ) ಕಿತ್ತು ನೇರ ಪೈಪ್ ಹಾಕಿ ಅಂತ ಹೇಳಿದ್ದಾರೆ, ಅದನ್ನು ಮಾಡ್ಲೇಬೇಡಿ. ನಮ್ಮ ಹಿಂದೆ ಸ್ಕೂಟರಲ್ಲಿ ಮಗು ಕೂರಿಸ್ಕೊಂಡು ಬರುವವರು ಆ ಹೊಗೆ ಕುಡೀಬೇಕು. ಕನ್ವರ್ಟರಿನ ಹಿಂದಿನ ಭಾಗ ಮಾತ್ರ ಬದಲಿಸಿ, ನಡುವಿನ ಸಣ್ಣ ಸೈಲೆನ್ಸರನ್ನೂ ಕೀಳದೆ ಹಾಗೇ ಇಡಿ. ನಾಲ್ಕು ಸಿಲಿಂಡರಿನ ಇಂಜಿನ್ 2000 ಆರ್‌ಪಿಎಮ್ಮಲ್ಲಿ ಸೆಕೆಂಡಿಗೆ ಸುಮಾರು 67 ಸಲ ಫೈರ್ ಆಗ್ತದೆ, ಆ ಗುಂಯ್ ಅನ್ನುವ ಶಬ್ದ ಕ್ಯಾಬಿನಲ್ಲಿ ತುಂಬಿದ್ರೆ ಬೆಂಗಳೂರು ತಲುಪುವಾಗ ತಲೆ ಸಿಡೀತದೆ. ಕಾನೂನೂ ಉಂಟು, ಮೋಟಾರು ವಾಹನ ಕಾಯ್ದೆಯ 190(2)ರ ಪ್ರಕಾರ, 2019ರ ತಿದ್ದುಪಡಿ ಆದ ಮೇಲೆ, ಶಬ್ದ ಮತ್ತು ಹೊಗೆಯ ಮಿತಿ ಮೀರಿದ ಗಾಡಿಗೆ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ ಅಥವಾ 3 ತಿಂಗಳವರೆಗೆ ಜೈಲು, ಲೈಸೆನ್ಸೂ 3 ತಿಂಗಳು ಹೋಗ್ತದೆ. ಹಾಗಾಗಿ ಹಳೇ ಸೈಲೆನ್ಸರನ್ನು ಗುಜರಿಗೆ ಕೊಡ್ಬೇಡಿ, ಹೊಸತು ಜೋರು ಅಂತ ಕಂಡ್ರೆ ವಾಪಸ್ ಹಾಕ್ಲಿಕ್ಕೆ ಬೇಕು.

ಎಲ್ಲ ಆದ ಮೇಲೆ ನೂರು ಕಿಲೋಮೀಟರ್ ಓಡಿಸಿ, ಪೂರ್ತಿ ತಣಿದ ಮೇಲೆ ಪ್ರತಿ ಬೋಲ್ಟ್ ಇನ್ನೊಮ್ಮೆ ಟೈಟ್ ಮಾಡಿ, ಬಿಸಿ ಆಗಿ ತಣಿಯುವಾಗ ಖಂಡಿತ ಸಡಿಲ ಆಗಿರ್ತದೆ. ಗಾಡಿ ನೆಲದ ಮೇಲೆ ನಿಂತಿರುವಾಗ ಬಂಪರಿಗೂ ಟಿಪ್ಪಿಗೂ ಮೇಲೆ ಎಷ್ಟು, ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಅಂತ ಸ್ಕೇಲ್ ಹಿಡಿದು ಅಳೆದು ಇಲ್ಲೇ ಬರೀರಿ, ಯಾವ ಜಾಯಿಂಟನ್ನು ಯಾವ ಕಡೆ ತಿರುಗಿಸ್ಬೇಕು ಅಂತ ನೋಡಿ ಹೇಳ್ತೇನೆ.